ಮುಳ್ಳು ಏರಿದ ಮೇಲಿನ ಹತ್ತು ನಿಮಿಷ

ಬೆಂಗಳೂರಿನ ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಸುತ್ತಲಿನ ಏರುತಗ್ಗಿನ ಅಡ್ಡರಸ್ತೆಗಳ ಅಂಚಿನಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ ಕಾರುಗಳಲ್ಲಿ ಹೆಚ್ಚಿನವು ವಾರವಿಡೀ ಓಡುವುದು ಗಾಂಧಿ ಬಜಾರಿನವರೆಗೆ, ಮಕ್ಕಳ ಶಾಲೆಯವರೆಗೆ, ಹೆಚ್ಚೆಂದರೆ ಜಯನಗರ ನಾಲ್ಕನೇ ಬ್ಲಾಕಿನವರೆಗೆ. ಅವೇ ಕಾರುಗಳು ದಸರಾ ರಜೆಯಲ್ಲೋ ಬೇಸಿಗೆ ರಜೆಯಲ್ಲೋ ಐದು ಜನರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೊತ್ತು ಧರ್ಮಸ್ಥಳಕ್ಕೆ, ಕುಕ್ಕೆ ಸುಬ್ರಹ್ಮಣ್ಯಕ್ಕೆ, ಮಂಗಳೂರಿಗೆ ಒಂದೇ ದಿನದಲ್ಲಿ ಮುನ್ನೂರು ಕಿಲೋಮೀಟರಿನ ಆಸುಪಾಸು ಓಡಬೇಕಾಗುತ್ತದೆ. ನಗರದೊಳಗಿನ ಚಿಕ್ಕ ಓಡಾಟ ಕಾರಿಗೆ ವಿಶ್ರಾಂತಿಯೆಂದು ತೋರಿದರೂ ಯಂತ್ರದ ದೃಷ್ಟಿಯಲ್ಲಿ ಅದು ಒಂದು ಬಗೆಯ ಕಷ್ಟದ ಬದುಕೇ ಸರಿ, ಏಕೆಂದರೆ ಎಂಜಿನ್ ಚಾಲೂ ಮಾಡಲು ಬ್ಯಾಟರಿಯಿಂದ ಎಳೆದುಕೊಂಡ ವಿದ್ಯುತ್ತನ್ನು ಆಲ್ಟರ್ನೇಟರ್, ಅಂದರೆ ಎಂಜಿನ್ನಿನ ಬೆಲ್ಟಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಯಂತ್ರ, ಪೂರ್ತಿಯಾಗಿ ಮರಳಿ ತುಂಬುವ ಮೊದಲೇ ಕಾರು ಮನೆ ಸೇರಿರುತ್ತದೆ. ರೇಡಿಯೇಟರಿನಿಂದ ಹನಿಹನಿಯಾಗಿ ಸೋರುವ ನೀರು ಐದು ನಿಮಿಷದ ಓಟದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ತಿರುಗದೆ ನಿಂತ ಫ್ಯಾನು, ಗಟ್ಟಿಯಾಗಿ ಬಿರುಕು ಬಿಡತೊಡಗಿದ ರಬ್ಬರ್ ಹೋಸ್ ಮೊದಲಾದವುಗಳ ಪರೀಕ್ಷೆ ನಡೆಯುವುದೇ ಇಲ್ಲ. ಹೀಗೆ ಬೀದಿಯಲ್ಲಿ ನಿಂತಿದ್ದಾಗಲೇ ಕೂಡಿಬಂದ ದೋಷಗಳೆಲ್ಲ ಘಾಟಿಯ ಏರಿನಲ್ಲಿ ಒಟ್ಟಿಗೆ ಹೊರಬೀಳುತ್ತವೆ.

ಪ್ರಯಾಣದ ನಡುವೆ ಕೆಟ್ಟು ನಿಂತ ಕಾರಿನ ರಿಪೇರಿಗೆ ಎಷ್ಟು ಖರ್ಚಾಗುತ್ತದೆ ಎಂಬುದು ಗ್ಯಾರೇಜಿನವನ ಪ್ರಾಮಾಣಿಕತೆಯನ್ನು ಅವಲಂಬಿಸಿದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದರಲ್ಲಿ ಸ್ವಲ್ಪ ನಿಜವಿದೆಯಾದರೂ, ಎಂಜಿನ್ ಅತಿಯಾಗಿ ಬಿಸಿಯಾಗುವ ಪ್ರಕರಣಗಳಲ್ಲಿ, ಅಂದರೆ ಚಾಲಕರ ಮಾತಿನಲ್ಲಿ ‘ಗಾಡಿ ಹೀಟ್ ಆದಾಗ’, ಬಿಲ್ಲಿನ ಬಹುಪಾಲು ಮೊತ್ತ ಕಾರು ಗ್ಯಾರೇಜು ಮುಟ್ಟುವ ಮೊದಲೇ ನಿರ್ಧಾರವಾಗಿರುತ್ತದೆ. ಉಷ್ಣಮಾಪಕದ ಮುಳ್ಳು ಕೆಂಪು ಗೆರೆಯ ಕಡೆಗೆ ಏರಿದ ಮೇಲೆ ಎಂಜಿನ್ ಇನ್ನೂ ಎಷ್ಟು ನಿಮಿಷ ಓಡಿತು ಎಂಬುದೇ ಅದನ್ನು ನಿರ್ಧರಿಸುವ ಅಂಶ. ಈ ಅಧ್ಯಾಯದ ಹೆಚ್ಚಿನ ಭಾಗ ಆ ಕೆಲವು ನಿಮಿಷಗಳಲ್ಲಿ ಲೋಹದೊಳಗೆ ಏನು ನಡೆಯುತ್ತದೆ ಎಂಬುದರ ವಿವರಣೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲ್‌ಗಳಷ್ಟು ಶಕ್ತಿ ಅಡಗಿದೆ. (ಜೂಲ್ ಎಂಬುದು ಶಕ್ತಿಯ ಮಾನ, ಸೆಕೆಂಡಿಗೆ ಒಂದು ಜೂಲ್ ಖರ್ಚಾದರೆ ಅದು ಒಂದು ವಾಟ್.) ಲೀಟರಿಗೆ 15 ಕಿಲೋಮೀಟರ್ ಕೊಡುವ ಸಣ್ಣ ಕಾರೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಗಂಟೆಗೆ ನಾಲ್ಕು ಲೀಟರ್ ಪೆಟ್ರೋಲ್ ಸುಡುತ್ತದೆ ಎಂದರೆ, ಅದರೊಳಗೆ ಎಡೆಬಿಡದೆ ಸುಮಾರು 35 ಕಿಲೋವಾಟ್ ಶಾಖ ಉತ್ಪತ್ತಿಯಾಗುತ್ತಿದೆ ಎಂದೇ ಅರ್ಥ. ಈ ಶಾಖದಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುವುದು ಕಾಲು ಭಾಗ, ತಪ್ಪಿದರೆ ಮೂರನೇ ಒಂದು ಭಾಗ. ಮತ್ತೊಂದು ಪಾಲು ಸೈಲೆನ್ಸರಿನಿಂದ ಹೊಗೆಯೊಡನೆ ಹೊರಬೀಳುತ್ತದೆ. ಉಳಿದ ಪಾಲನ್ನು, ಹೆಚ್ಚುಕಡಿಮೆ 12 ಕಿಲೋವಾಟ್‌ನಷ್ಟನ್ನು, ಎಂಜಿನ್ ಸುತ್ತ ಹರಿಯುವ ನೀರು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಬಚ್ಚಲುಮನೆಯ ಗೀಸರ್ ಸಾಮಾನ್ಯವಾಗಿ ಎರಡರಿಂದ ಮೂರು ಕಿಲೋವಾಟ್‌ನದಾಗಿರುವುದರಿಂದ, ಕಾರಿನ ಮುಂಭಾಗದಲ್ಲಿ ನಾಲ್ಕೈದು ಗೀಸರುಗಳು ಒಟ್ಟಿಗೆ, ಒಂದು ಕ್ಷಣವೂ ಆರದೆ ಉರಿಯುತ್ತಿವೆ ಎಂದು ಭಾವಿಸಬಹುದು. ನೀರಿನ ಹರಿವು ನಿಂತರೆ ಆ ಶಾಖಕ್ಕೆ ಹೋಗಲು ಬೇರೆ ದಾರಿಯಿಲ್ಲ.

ಇದು ಸಮತಟ್ಟಾದ ರಸ್ತೆಯ ಲೆಕ್ಕ. ಹನುಮಂತನಗರದಿಂದ ಕರಾವಳಿಗೆ ಹೋದವರು ಮರಳುವಾಗ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಮುಟ್ಟುವಷ್ಟರಲ್ಲಿ ಸುಮಾರು 800 ಮೀಟರ್ ಮೇಲೇರಿರುತ್ತಾರೆ. ಜನ, ಸಾಮಾನು ಸೇರಿ 1,400 ಕಿಲೋಗ್ರಾಂ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು 1.1 ಕೋಟಿ ಜೂಲ್ ಬೇಕು. ಎಂಜಿನ್ನಿನ ದಕ್ಷತೆ ಕಾಲು ಭಾಗ ಮಾತ್ರವಾದ್ದರಿಂದ ಇದಕ್ಕೆಂದೇ ಒಂದೂಕಾಲು ಲೀಟರಿಗಿಂತ ಹೆಚ್ಚು ಪೆಟ್ರೋಲ್ ಸುಡಬೇಕಾಗುತ್ತದೆ, ಅದರ ಶಾಖದ ಪಾಲೂ ತಣಿಸುವ ನೀರಿನ ಮೇಲೆಯೇ ಬೀಳುತ್ತದೆ. ಕಷ್ಟವೆಂದರೆ, ಶಾಖ ಹೆಚ್ಚಿದ ಹೊತ್ತಿನಲ್ಲಿಯೇ ಗಾಳಿ ಕಡಿಮೆಯಾಗುತ್ತದೆ. ಸರಕು ಹೇರಿದ ಟ್ರಕ್ಕಿನ ಹಿಂದೆ ಎರಡನೇ ಗೇರಿನಲ್ಲಿ ತೆವಳುವ ಕಾರಿನ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲವಾಗಿ ಎಲ್ಲವೂ ಒಂದು ವಿದ್ಯುತ್ ಫ್ಯಾನಿನ ಮೇಲೆ ನಿಲ್ಲುತ್ತದೆ. ಕರಾವಳಿಯ ಸೆಕೆಯಿಂದಾಗಿ ಆ ಗಾಳಿಯೂ ಮೊದಲೇ ಬಿಸಿಯಾಗಿರುತ್ತದೆ, ಒಳಗಿನವರು ಏಸಿ ಹಾಕಿಕೊಂಡಿದ್ದರೆ ಏಸಿಯ ಶಾಖ ಹೊರಹಾಕುವ ಜಾಲರಿಯೂ ರೇಡಿಯೇಟರಿನ ಮುಂದೆಯೇ ಕುಳಿತು ಅದನ್ನು ಇನ್ನಷ್ಟು ಬಿಸಿ ಮಾಡುತ್ತದೆ. ಬೆಂಗಳೂರಿನಿಂದ ಹೊರಟ ದಿನ ಇಳಿಯುವಾಗ ಯಾವ ತೊಂದರೆಯನ್ನೂ ತೋರದ ಕಾರು ಮರಳುವ ದಿನ ಮಾರನಹಳ್ಳಿಯ ತಿರುವುಗಳಲ್ಲಿ ಉಗಿ ಬಿಡುವುದಕ್ಕೆ ಇಷ್ಟು ಕಾರಣ ಸಾಕು.

ಮೋಟಾರು ಕಾರಿನ ಚರಿತ್ರೆಯೇ ಒಂದರ್ಥದಲ್ಲಿ ಈ ನೀರಿನ ಚರಿತ್ರೆ. 1888ರ ಆಗಸ್ಟಿನಲ್ಲಿ ಬರ್ಥಾ ಬೆಂಜ್ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಪತಿಯ ಮೂರು ಚಕ್ರದ ವಾಹನದಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿದಾಗ, ಎಂಜಿನ್ ತಣಿಸಲು ಇದ್ದ ನೀರು ಕುದಿದು ಆವಿಯಾಗಿ ಹೋಗುತ್ತಿದ್ದುದರಿಂದ ದಾರಿಯುದ್ದಕ್ಕೂ ಸಿಕ್ಕಲ್ಲಿ ನೀರು ತುಂಬಿಸಿಕೊಳ್ಳಬೇಕಾಯಿತು. ಕಟ್ಟಿಕೊಂಡ ಇಂಧನದ ನಳಿಕೆಯನ್ನು ಆಕೆ ಟೋಪಿಯ ಪಿನ್ನಿನಿಂದ ಬಿಡಿಸಿದ್ದೂ, ಸವೆದ ಬ್ರೇಕಿಗೆ ಚಮ್ಮಾರನಿಂದ ಚರ್ಮ ಹೊಡೆಸಿದ್ದೂ ಪ್ರಸಿದ್ಧವಾಗಿವೆ. ದೂರಪ್ರಯಾಣವೂ ದಾರಿಯ ರಿಪೇರಿಯೂ ಹೀಗೆ ಒಂದೇ ದಿನ ಹುಟ್ಟಿದವು. ಅದೇ ನೀರನ್ನು ಮತ್ತೆ ಮತ್ತೆ ತಣಿಸಿ ಬಳಸುವ ಸಮರ್ಥ ಉಪಾಯ ಸಿಕ್ಕಿದ್ದು 1901ರಲ್ಲಿ, ವಿಲ್ಹೆಲ್ಮ್ ಮೇಬಾಖ್ ಸಾವಿರಾರು ಸಣ್ಣ ಕೊಳವೆಗಳನ್ನು ಒಟ್ಟಿಗೆ ಬೆಸೆದು ಗಾಳಿಗೆ ಒಡ್ಡಿದ ರೇಡಿಯೇಟರನ್ನು ಮೊದಲ ಮರ್ಸಿಡಿಸ್ ಕಾರಿಗೆ ಜೋಡಿಸಿದಾಗ. ಇಂದಿನ ಕಾರಿನಲ್ಲಿ ಇದಕ್ಕೆ ಒಂದು ಪಂಪು, ಒಂದು ಫ್ಯಾನು ಮತ್ತು ಥರ್ಮೋಸ್ಟಾಟ್ ಸೇರಿಕೊಂಡಿವೆ. ಥರ್ಮೋಸ್ಟಾಟ್ ಎಂದರೆ ಒಳಗೆ ಮೇಣ ತುಂಬಿದ ಕವಾಟ. ಎಂಜಿನ್ ತಣ್ಣಗಿರುವವರೆಗೆ ಅದು ರೇಡಿಯೇಟರಿನ ದಾರಿ ಮುಚ್ಚಿರುತ್ತದೆ, ನೀರಿನ ಉಷ್ಣತೆ 82ರಿಂದ 88 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬಂದಾಗ ಮೇಣ ಕರಗಿ ಹಿಗ್ಗಿ ಕವಾಟವನ್ನು ತಳ್ಳಿ ತೆರೆಯುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಈ ಭಾಗ ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಂಡರೆ ರೇಡಿಯೇಟರ್ ಹೊಸದಿದ್ದರೂ ಪ್ರಯೋಜನವಿಲ್ಲ.

ನೀರಿನ ಕುದಿಬಿಂದುವನ್ನು ಒತ್ತಡ ನಿರ್ಧರಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿಯೂ ಸಕಲೇಶಪುರದಲ್ಲಿಯೂ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಕಾರಿನ ರೇಡಿಯೇಟರಿನ ಮುಚ್ಚಳ ಇದನ್ನು ತಡೆಯಲೆಂದೇ ಸ್ಪ್ರಿಂಗಿನ ಬಿಗಿಯಿಂದ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಹೆಚ್ಚುಕಡಿಮೆ ಒಂದು ವಾಯುಮಂಡಲದಷ್ಟು ಮೇಲೆ ಇರಿಸುತ್ತದೆ. ಹಾಗಾಗಿ ಒಳಗಿನ ನೀರು 115 ಡಿಗ್ರಿ ದಾಟಿದರೂ ಕುದಿಯದೆ ದ್ರವವಾಗಿಯೇ ಇರುತ್ತದೆ, ಕೂಲಂಟ್ ಬೆರೆತಿದ್ದರೆ ಇನ್ನೂ ಹತ್ತು ಡಿಗ್ರಿ ತಾಳುತ್ತದೆ. ಗಾಬರಿಯಾದ ಚಾಲಕ ಬಟ್ಟೆ ಸುತ್ತಿ ಆ ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಕುಸಿದು, 115 ಡಿಗ್ರಿಯ ನೀರು 97ಕ್ಕೆ ಇಳಿಯಲೇಬೇಕಾಗುತ್ತದೆ, ಆ ಹೆಚ್ಚುವರಿ ಶಾಖ ಪ್ರತಿ ಲೀಟರಿನಲ್ಲಿ ಮೂವತ್ತು ಗ್ರಾಂಗಿಂತ ಸ್ವಲ್ಪ ಹೆಚ್ಚು ನೀರನ್ನು ತಟ್ಟನೆ ಉಗಿಯಾಗಿಸುತ್ತದೆ. ಮೂವತ್ತು ಗ್ರಾಂ ನೀರು ಎರಡು ಗುಟುಕಿನಷ್ಟೂ ಅಲ್ಲವಾದರೂ ಅದರ ಉಗಿ ಐವತ್ತು ಲೀಟರಿಗೂ ಮೀರಿದ ಜಾಗ ಬೇಡುತ್ತದೆ, ಅಷ್ಟು ಜಾಗವನ್ನು ಅದು ಮುಚ್ಚಳದ ಬಾಯಿಂದ ಚಾಲಕನ ಮುಖದ ಕಡೆಗೇ ಹುಡುಕಿಕೊಂಡು ಹೊರಡುತ್ತದೆ, ಕುದಿನೀರನ್ನೂ ಹೊತ್ತುಕೊಂಡು. ಅರ್ಧ ಗಂಟೆಯಾದರೂ ಕಾಯದೆ, ಮೇಲಿನ ಹೋಸನ್ನು ಕೈಯಲ್ಲಿ ಹಿಸುಕಿ ನೋಡಿದಾಗ ಅದು ಮೆತ್ತಗೆ ಮಣಿಯುವಷ್ಟು ತಣಿಯದೆ ಮುಚ್ಚಳ ಮುಟ್ಟಬಾರದೆಂಬ ನಿಯಮದ ಹಿಂದಿರುವ ಭೌತಶಾಸ್ತ್ರ ಇಷ್ಟೇ.

ಕೂಲಂಟಿನ ಕುರಿತು ಇಲ್ಲಿಯೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕಕ್ಕೆ ತುಕ್ಕುನಿರೋಧಕಗಳನ್ನು ಬೆರೆಸಿದ ಈ ದ್ರವ ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಬಂದದ್ದು ನಿಜ. ಬೆಂಗಳೂರಿನಲ್ಲಿ ಹಿಮದ ಭಯವಿಲ್ಲವೆಂದು ನಲ್ಲಿ ನೀರು ಸಾಕೆನ್ನುವವರು ಬೋರ್‌ವೆಲ್ ನೀರಿನ ಗಡಸುತನವನ್ನು ಮರೆಯುತ್ತಾರೆ. ಪಾತ್ರೆಗಳ ತಳದಲ್ಲಿ ಕಟ್ಟುವ ಬಿಳಿಯ ಸುಣ್ಣದ ಪದರವೇ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ, ಅದು ಶಾಖವನ್ನು ಅಲ್ಯೂಮಿನಿಯಮ್‌ಗಿಂತ ಹತ್ತಾರು ಪಟ್ಟು ನಿಧಾನವಾಗಿ ಸಾಗಿಸುತ್ತದೆ. ಘಾಟಿಯಲ್ಲಿ ಬೇರೇನೂ ಸಿಗದಿದ್ದಾಗ ಕುಡಿಯುವ ನೀರಿನ ಬಾಟಲಿಯನ್ನೇ ಸುರಿಯುವುದರಲ್ಲಿ ತಪ್ಪಿಲ್ಲ. ಊರು ಸೇರಿದ ಮೇಲೆ ಅದನ್ನು ತೆಗೆಸಿ ಸರಿಯಾದ ಮಿಶ್ರಣ ತುಂಬಿಸಬೇಕು, ಅಷ್ಟೆ.

ಮುಳ್ಳಿನ ವಿಷಯಕ್ಕೆ ಬಂದರೆ, ಅದು ಹೇಳುವುದೆಲ್ಲ ನಿಜವೆಂದು ನಂಬುವಂತಿಲ್ಲ. ಅನೇಕ ಕಾರುಗಳಲ್ಲಿ ಮುಳ್ಳು ಸ್ವಲ್ಪ ಏರಿಳಿದರೂ ಮಾಲೀಕರು ಆತಂಕಪಡುತ್ತಾರೆಂಬ ಕಾರಣಕ್ಕೆ ತಯಾರಕರು ಅದನ್ನು ಒಂದು ವ್ಯಾಪ್ತಿಯೊಳಗೆ ಮಧ್ಯದಲ್ಲಿಯೇ ನಿಲ್ಲುವಂತೆ ರೂಪಿಸಿರುತ್ತಾರೆ. ಕೆಲವು ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲದೆ, ತಣ್ಣಗಿದ್ದಾಗ ನೀಲಿ ದೀಪ, ಮಿತಿಮೀರಿದಾಗ ಕೆಂಪು ದೀಪ ಮಾತ್ರ ಇರುತ್ತದೆ. ಇವೆಲ್ಲಕ್ಕಿಂತ ಮೋಸದ ಸ್ಥಿತಿಯೆಂದರೆ ಹೋಸ್ ಒಡೆದು ನೀರೆಲ್ಲ ಸೋರಿಹೋದಾಗಿನದು. ಉಷ್ಣತೆ ಅಳೆಯುವ ಸಂವೇದಕ ನೀರಿನಲ್ಲಿ ಮುಳುಗಿರಲೆಂದು ವಿನ್ಯಾಸಗೊಂಡಿರುವುದರಿಂದ, ನೀರೇ ಇಲ್ಲದಾಗ ಅದು ಲೋಹದ ನಿಜವಾದ ಉಷ್ಣತೆಯನ್ನು ಗ್ರಹಿಸಲಾರದು. ಮೇಲೇರಿದ್ದ ಮುಳ್ಳು ತಾನಾಗಿ ಇಳಿಯುತ್ತದೆ, ಗಾಡಿ ತಣ್ಣಗಾಯಿತೆಂದು ಚಾಲಕ ಸಮಾಧಾನಪಡುತ್ತಾನೆ, ಎಂಜಿನ್ ಕೆಡುವ ವೇಗ ಹೆಚ್ಚುವುದು ಸರಿಯಾಗಿ ಅದೇ ಹೊತ್ತಿನಲ್ಲಿ. ಕಾರಿನೊಳಗಿನ ಹೀಟರ್ ಹಾಕಿದಾಗ ಬಿಸಿಗಾಳಿಯ ಬದಲು ತಣ್ಣನೆ ಗಾಳಿ ಬಂದರೆ ನೀರು ಖಾಲಿಯಾಗಿದೆಯೆಂದು ಬಹುಮಟ್ಟಿಗೆ ತಿಳಿಯಬಹುದು, ಏಕೆಂದರೆ ಹೀಟರಿಗೆ ಶಾಖ ಬರುವುದು ಆ ನೀರಿನಿಂದಲೇ.

ಬಿಸಿಯಾದ ಎಂಜಿನ್ನಿಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ತಿಳಿಯಲು ಅದರ ಎರಡು ಅಂತಸ್ತುಗಳನ್ನು ಗಮನಿಸಬೇಕು. ಕೆಳಗಿನದು ಪಿಸ್ಟನ್‌ಗಳು ಓಡಾಡುವ ಸಿಲಿಂಡರ್ ಬ್ಲಾಕ್, ಮೇಲಿನದು ಕವಾಟಗಳಿರುವ ಸಿಲಿಂಡರ್ ಹೆಡ್. ಎರಡರ ನಡುವೆ ತೆಳುವಾದ ಹೆಡ್ ಗ್ಯಾಸ್ಕೆಟ್ ಕುಳಿತು ದಹನದ ಅನಿಲ, ಎಣ್ಣೆ ಮತ್ತು ನೀರು ಒಂದರೊಳಗೊಂದು ಸೇರದಂತೆ ತಡೆಯುತ್ತದೆ. ಹೆಡ್ ಅಲ್ಯೂಮಿನಿಯಮ್‌ನದು, ಹಲವು ಎಂಜಿನ್‌ಗಳಲ್ಲಿ ಬ್ಲಾಕ್ ಎರಕದ ಕಬ್ಬಿಣದ್ದು. ಉಷ್ಣತೆ ಏರಿದಾಗ ಅಲ್ಯೂಮಿನಿಯಮ್ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಮೂವತ್ತೈದು ಸೆಂಟಿಮೀಟರ್ ಉದ್ದದ ಹೆಡ್ ವಾಡಿಕೆಗಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ ಅದು 0.32 ಮಿಲಿಮೀಟರ್ ಹಿಗ್ಗಬಯಸುತ್ತದೆ, ಕೆಳಗಿನ ಬ್ಲಾಕ್ ಅಷ್ಟೇ ಬಿಸಿಯಾದರೂ 0.16 ಮಿಲಿಮೀಟರ್ ಮಾತ್ರ ಹಿಗ್ಗುತ್ತದೆ; ಎರಡನ್ನೂ ಬೋಲ್ಟುಗಳು ಬಿಗಿಯಾಗಿ ಹಿಡಿದಿರುವುದರಿಂದ ಹೆಡ್ಡಿಗೆ ಉಳಿಯುವ ದಾರಿ ಬಾಗುವುದೊಂದೇ. ಮೆಕ್ಯಾನಿಕ್ ಹೆಡ್ಡನ್ನು ಬಿಚ್ಚಿ ಮಗುಚಿಟ್ಟು, ಅದರ ಮೇಲೆ ಉಕ್ಕಿನ ನೇರಪಟ್ಟಿಯನ್ನು ಕರ್ಣವಾಗಿ ಇಟ್ಟು, ಪಟ್ಟಿಯ ಕೆಳಗೆ ಕೂದಲಿನಷ್ಟು ತೆಳ್ಳಗಿನ ಫೀಲರ್ ಗೇಜ್ ಎಂಬ ಉಕ್ಕಿನ ಎಲೆಯನ್ನು ತೂರಿಸಿ ನೋಡುತ್ತಾನೆ. ಹಲವು ಸಣ್ಣ ಎಂಜಿನ್‌ಗಳಲ್ಲಿ 0.05 ಮಿಲಿಮೀಟರಿನ ಎಲೆ ಒಳಹೋದರೇ ಹೆಡ್ ಬಾಗಿದೆಯೆಂದು ಲೆಕ್ಕ. ಆಗ ಅದನ್ನು ವರ್ಕ್‌ಶಾಪಿಗೆ ಒಯ್ದು ಮೇಲ್ಮೈಯನ್ನು ಮಟ್ಟಸವಾಗಿ ತರಿಯುವ ‘ಫೇಸಿಂಗ್’ ಮಾಡಿಸಬೇಕು, ಬಾಗು ಮಿತಿ ಮೀರಿದ್ದರೆ ಹೊಸ ಹೆಡ್ಡೇ ಗತಿ.

ಖರ್ಚಿನ ಏಣಿಯನ್ನು ಈಗ ಈ ನಿಮಿಷಗಳ ಪಕ್ಕದಲ್ಲಿಟ್ಟು ನೋಡಬಹುದು. ಮುಳ್ಳು ಏರಿದ ಕೂಡಲೇ ಬದಿಗೆ ಸರಿದು ಎಂಜಿನ್ ನಿಲ್ಲಿಸಿದವನಿಗೆ ಬೇಕಾಗುವುದು ಒಂದು ಹೋಸ್, ಒಂದು ಕ್ಲಿಪ್, ಒಂದೆರಡು ಲೀಟರ್ ಕೂಲಂಟ್, ಇಲ್ಲವೆ ಒಂದು ಥರ್ಮೋಸ್ಟಾಟ್. ಸಣ್ಣ ಕಾರಿನಲ್ಲಿ ಇದು ನೂರುಗಳಲ್ಲಿ, ತಪ್ಪಿದರೆ ಒಂದೆರಡು ಸಾವಿರದಲ್ಲಿ ಮುಗಿಯುವ ಬಾಬತ್ತು. ‘ಇನ್ನೇನು ದೋಣಿಗಾಲ್ ಬಂತು, ಅಲ್ಲಿ ಹೋಟೆಲಿದೆ’ ಎಂದು ಮತ್ತೆ ನಾಲ್ಕೈದು ಕಿಲೋಮೀಟರ್ ಎಳೆದವನಿಗೆ ಗ್ಯಾಸ್ಕೆಟ್ ಸುಟ್ಟು, ನೀರು ಎಣ್ಣೆಗೆ ಸೇರಿ, ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಕೆನೆಗಂದು ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಹೆಡ್ ಬಿಚ್ಚುವ ಈ ಕೆಲಸ ಹತ್ತು ಸಾವಿರದಿಂದ ಮೇಲಕ್ಕೆ ಹೋಗುತ್ತದೆ. ಅಲ್ಲಿಗೂ ನಿಲ್ಲಿಸದೆ ಓಡಿಸಿದರೆ ತೆಳುವಾದ ಎಣ್ಣೆಯ ಪೊರೆ ಹರಿದು, ಹಿಗ್ಗಿದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡು ‘ಎಂಜಿನ್ ಸೀಜ್’ ಆಗುತ್ತದೆ. ಆಮೇಲಿನ ಮಾತು ಲಕ್ಷದ ಆಸುಪಾಸಿನದು, ಹಳೆಯ ಕಾರಾದರೆ ಅದರ ಮಾರಾಟದ ಬೆಲೆಯನ್ನೇ ಮೀರಬಹುದು. ಪ್ರತಿ ಹಂತದಲ್ಲಿ ಬಿಲ್ಲಿಗೆ ಒಂದೊಂದು ಸೊನ್ನೆ ಸೇರುತ್ತ ಹೋಗುತ್ತದೆ, ಹಂತಗಳ ನಡುವಿನ ಅಂತರ ಮಾತ್ರ ನಿಮಿಷಗಳದು.

ಮುಳ್ಳು ಏರತೊಡಗಿದೆ, ಆದರೆ ಉಗಿಯೂ ಕೆಂಪು ದೀಪವೂ ಇನ್ನೂ ಕಾಣಿಸಿಲ್ಲ ಎಂಬ ಸ್ಥಿತಿಯಲ್ಲಿ ಏಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಕಿಟಕಿಗಳನ್ನು ತೆರೆದರೆ, ಒಳಗಿನವರು ಬೆವರಿದರೂ ಹೀಟರ್ ಎರಡನೆಯ ರೇಡಿಯೇಟರಿನಂತೆ ಕೆಲಸ ಮಾಡಿ ನಿಲ್ಲಿಸಲು ಜಾಗ ಸಿಗುವವರೆಗೆ ಉಸಿರಾಡಲು ಅವಕಾಶ ಕೊಡುತ್ತದೆ. ಉಗಿ ಕಂಡ ಮೇಲೆ ಈ ಉಪಾಯಕ್ಕೂ ಸಮಯವಿಲ್ಲ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯುವುದು ಹಳೆಯ ಲಾರಿಗಳ ಕಾಲದಿಂದ ಉಳಿದುಬಂದ ಅಭ್ಯಾಸ. ಅಲ್ಯೂಮಿನಿಯಮ್ ಹೆಡ್ಡಿನಲ್ಲಿ ಅದು ಬಿರುಕು ತರಬಹುದು. ನಿಂತ ಕಾರಿನ ಹಿಂದೆ ಪ್ರತಿಫಲನ ತ್ರಿಕೋನವನ್ನು ಎಷ್ಟು ದೂರದಲ್ಲಿ ಇಡಬೇಕೆಂಬುದಕ್ಕೂ ಲೆಕ್ಕವಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅನುಮತಿಸಿದ 100 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಸೆಕೆಂಡಿಗೆ 28 ಮೀಟರ್ ಕ್ರಮಿಸುತ್ತದೆ. ಚಾಲಕ ಕಂಡು ಬ್ರೇಕಿನ ಮೇಲೆ ಕಾಲಿಡುವ ಒಂದೂವರೆ ಸೆಕೆಂಡಿನಲ್ಲಿ 42 ಮೀಟರ್, ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 55 ಮೀಟರ್ ಬೇಕು. ಡಿಕ್ಕಿಯಿಂದ ನಾಲ್ಕು ಹೆಜ್ಜೆ ಹಿಂದೆ ಇಟ್ಟ ತ್ರಿಕೋನದಿಂದ ಹಾಗಾಗಿ ಏನೂ ಸಾಧಿಸಿದಂತಾಗುವುದಿಲ್ಲ. ಕಾರಿನಲ್ಲಿದ್ದವರೆಲ್ಲ ಇಳಿದು ರಸ್ತೆಯ ತಡೆಬೇಲಿಯ ಆಚೆ ನಿಂತು, ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033ಕ್ಕೆ ಕರೆ ಮಾಡುವುದು ಮೊದಲ ಕೆಲಸ. ಕಾರಿನ ಚಿಂತೆ ಅದರ ನಂತರದ್ದು.

ಗ್ಯಾರೇಜು ಮುಟ್ಟಿದ ಕಾರಿನ ಸ್ಟೀರಿಂಗ್ ಕೆಳಗೆ ಹದಿನಾರು ಪಿನ್ನುಗಳ ಒಂದು ಕಿಂಡಿ ಇರುತ್ತದೆ. ಹೊಗೆ ನಿಯಂತ್ರಣದ ಉದ್ದೇಶದಿಂದ ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಒಬಿಡಿ ವ್ಯವಸ್ಥೆ, ಅಂದರೆ ವಾಹನವೇ ತನ್ನ ದೋಷಗಳನ್ನು ದಾಖಲಿಸಿಕೊಳ್ಳುವ ಏರ್ಪಾಡು, ಭಾರತದಲ್ಲಿ 2010 ಮತ್ತು 2013ರಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ಆ ಕಿಂಡಿಗೆ ಸ್ಕ್ಯಾನರ್ ಚುಚ್ಚಿದರೆ ಪಿ0217 ಎಂಬಂತಹ ಸಂಕೇತಗಳು ಹೊರಬರುತ್ತವೆ. ಈ ಸಂಕೇತದ ಅರ್ಥ ಕೂಲಂಟ್ ಮಿತಿಮೀರಿ ಬಿಸಿಯಾಯಿತು ಎಂದಷ್ಟೆ, ಪಂಪು ಕೆಟ್ಟಿದೆಯೋ ಫ್ಯಾನು ಕೆಟ್ಟಿದೆಯೋ ಎಂಬುದನ್ನು ಅದು ಹೇಳುವುದಿಲ್ಲ. ಸಂಕೇತವನ್ನು ಲಕ್ಷಣವೆಂದು ಓದಬೇಕಾದಲ್ಲಿ ರೋಗವೆಂದೇ ಓದಿ ಒಂದಾದ ಮೇಲೊಂದು ಭಾಗ ಬದಲಿಸುವುದು ಬಿಲ್ಲು ಬೆಳೆಯುವ ಮಾಮೂಲಿ ದಾರಿ, ಅದರ ಹಿಂದೆ ಮೋಸಕ್ಕಿಂತ ಅರೆ ತಿಳಿವಳಿಕೆಯೇ ಹೆಚ್ಚಾಗಿರುತ್ತದೆ. ಆಯಾ ಕಂಪನಿಯ ವಿಶೇಷ ಸ್ಕ್ಯಾನರುಗಳೂ ಅಸಲಿ ಬಿಡಿಭಾಗಗಳೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿ ಹೋದವು, ಆದರೂ ಹೆದ್ದಾರಿ ಬದಿಯ ಮೆಕ್ಯಾನಿಕ್ಕಿನ ಕೈ ಕಟ್ಟಿರುವುದು ಅವನ ಅಜ್ಞಾನವೊಂದೇ ಅಲ್ಲ ಎಂಬುದು ಆ ಆದೇಶದಿಂದ ಅಧಿಕೃತವಾಗಿ ದಾಖಲಾಯಿತು.

ಅರ್ಥಶಾಸ್ತ್ರಜ್ಞರಿಗೆ ಕಾರು ರಿಪೇರಿ ಬಹಳ ಹಿಂದಿನಿಂದಲೂ ಆಸಕ್ತಿಯ ವಿಷಯ. ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕೊಂಡು ಬಳಸಿದ ಮೇಲೂ ಕೊಂಡವನಿಗೆ ಅದರ ಅಗತ್ಯವಿತ್ತೇ ಎಂದು ತಿಳಿಯದಂತಹ ಸರಕುಗಳನ್ನು ಒಂದು ಪ್ರತ್ಯೇಕ ವರ್ಗವಾಗಿ ಗುರುತಿಸಿದರು. ಕನ್ನಡದಲ್ಲಿ ಇವನ್ನು ನಂಬಿಕೆಯ ಸರಕು ಎನ್ನಬಹುದು. ಮಾವಿನಹಣ್ಣು ಹುಳಿಯೋ ಸಿಹಿಯೋ ಎಂಬುದು ತಿಂದಾಗ ತಿಳಿಯುತ್ತದೆ, ಬದಲಿಸಿದ ವಾಟರ್ ಪಂಪು ನಿಜವಾಗಿ ಕೆಟ್ಟಿತ್ತೇ ಎಂಬುದು ಕಾರು ಸರಿಯಾಗಿ ಓಡತೊಡಗಿದ ಮೇಲೂ ತಿಳಿಯುವುದಿಲ್ಲ. ಕೆಟ್ಟದ್ದನ್ನು ಕಂಡುಹಿಡಿಯುವವನೂ ಅದನ್ನು ಸರಿಪಡಿಸಿ ಹಣ ಪಡೆಯುವವನೂ ಒಬ್ಬನೇ ಆಗಿರುವುದರಿಂದ ಬರುವ ತೊಡಕು ಇದು. ಹನುಮಂತನಗರದ 50 ಅಡಿ ರಸ್ತೆಯ ಸುತ್ತಮುತ್ತಲಿನ ಗ್ಯಾರೇಜಿನವನಿಗೆ ಅದೇ ಗಿರಾಕಿ, ಅವನ ಅಣ್ಣತಮ್ಮಂದಿರು, ಪಕ್ಕದ ಮನೆಯವರು ವರ್ಷಗಟ್ಟಲೆ ಬರುವವರಾದ್ದರಿಂದ ಒಮ್ಮೆ ಹೆಚ್ಚು ಕಿತ್ತುಕೊಂಡರೆ ಆಗುವ ನಷ್ಟವೇ ದೊಡ್ಡದು. ಘಾಟಿಯ ತುದಿಯ ಗ್ಯಾರೇಜಿಗೆ ಬಂದ ಬೆಂಗಳೂರಿನ ಕಾರು ಮತ್ತೆ ಬರುವ ಸಾಧ್ಯತೆ ಬಲು ಕಡಿಮೆ. ಹಾಗಿದ್ದರೂ ಪ್ರವಾಸಿಗನ ಅನುಮಾನಗಳಲ್ಲಿ ಅನೇಕವು ಅನ್ಯಾಯದವು. ಬೆಂಗಳೂರಿನ ಗ್ಯಾರೇಜಿನವನು ಜೆ.ಸಿ. ರಸ್ತೆಗೋ ಕಲಾಸಿಪಾಳ್ಯಕ್ಕೋ ಹುಡುಗನನ್ನು ಕಳಿಸಿ ಒಂದು ಗಂಟೆಯಲ್ಲಿ ತರಿಸುವ ಭಾಗವನ್ನು ಸಕಲೇಶಪುರದವನು ಹಾಸನದಿಂದಲೋ ಮಂಗಳೂರಿನಿಂದಲೋ ಬಸ್ಸಿನಲ್ಲಿ ತರಿಸಬೇಕು, ಅಲ್ಲಿಯವರೆಗೆ ತನ್ನ ಜಾಗದಲ್ಲಿ ಕಾರನ್ನು ಇಟ್ಟುಕೊಳ್ಳಬೇಕು. ಆ ಹೆಚ್ಚುವರಿ ದರ ಕಾಯುವಿಕೆಯ ಬೆಲೆಯೇ ಹೊರತು ಸುಲಿಗೆಯಲ್ಲ.

ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು, ಹೆಡ್ ಬಿಚ್ಚುವ ಮೊದಲು ಬಿಚ್ಚುವುದಕ್ಕೇ ಎಷ್ಟು ಲೇಬರ್ ಎಂದು ಬರೆಸಿಕೊಳ್ಳುವುದು, ಅಸಲಿ ಭಾಗವೋ ಬೇರೆ ಕಂಪನಿಯದೋ ಎಂಬುದನ್ನು ಬಿಲ್ಲಿನಲ್ಲಿ ಕಾಣಿಸುವುದು, ಇವೆಲ್ಲ ನಂಬಿಕೆಯ ಸರಕನ್ನು ಸ್ವಲ್ಪಮಟ್ಟಿಗೆ ಪರೀಕ್ಷಿಸಬಲ್ಲ ಸರಕಾಗಿ ಮಾಡುವ ಉಪಾಯಗಳು. ತೆರಿಗೆಯ ಮಾತೂ ಇಲ್ಲಿ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 18 ಶೇಕಡಾ ಆಗಿದೆ, ಅದಕ್ಕೆ ಮೊದಲು ಅನೇಕ ಭಾಗಗಳಿಗೆ 28 ಶೇಕಡಾ ಇತ್ತು. ನೋಂದಣಿ ಸಂಖ್ಯೆ ಇಲ್ಲದ ಗ್ಯಾರೇಜು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ.

ವಿಮೆಯ ಕರಾರು ಮುಳ್ಳಿನ ಭೌತಶಾಸ್ತ್ರವನ್ನು ತನ್ನದೇ ಭಾಷೆಯಲ್ಲಿ ಮತ್ತೆ ಹೇಳುತ್ತದೆ ಎಂಬುದು ಕುತೂಹಲದ ಸಂಗತಿ. ಭಾರತದಲ್ಲಿ ವಾಡಿಕೆಯಲ್ಲಿರುವ ಸಮಗ್ರ ಮೋಟಾರು ವಿಮೆ ಅಪಘಾತದ ಹಾನಿಯನ್ನು ಭರಿಸುತ್ತದೆ. ಸವೆತವನ್ನೂ, ಯಾಂತ್ರಿಕ ಇಲ್ಲವೆ ವಿದ್ಯುತ್ ದೋಷದಿಂದ ಕೆಟ್ಟದ್ದನ್ನೂ ಹೊರಗಿಡುತ್ತದೆ. ಹಳತಾದ ಹೋಸ್ ತಾನಾಗಿ ಒಡೆದರೆ ವಿಮೆಯಿಲ್ಲ, ರಸ್ತೆಗೆ ಉರುಳಿದ ಕಲ್ಲು ಬಡಿದು ರೇಡಿಯೇಟರ್ ತೂತಾದರೆ ವಿಮೆಯುಂಟು, ಅದರಲ್ಲೂ ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯಲಾಗುತ್ತದೆ. ಆದರೆ ಕಲ್ಲು ಬಡಿದ ಮೇಲೆ ಕಾರನ್ನು ನಿಲ್ಲಿಸದೆ ಓಡಿಸಿ ಹೆಡ್ ಬಾಗಿಸಿಕೊಂಡರೆ, ಅಪಘಾತದ ನಂತರ ಅಗತ್ಯ ರಿಪೇರಿಯಾಗುವ ಮೊದಲೇ ವಾಹನ ಚಲಾಯಿಸಿದ್ದರಿಂದ ಹೆಚ್ಚಿದ ಹಾನಿಗೆಲ್ಲ ಮಾಲೀಕನೇ ಹೊಣೆ ಎಂಬ ಷರತ್ತು ಅದೇ ಪಾಲಿಸಿಯಲ್ಲಿದೆ. ಅಂದರೆ ಮೊದಲ ನಿಮಿಷದ ನಷ್ಟ ವಿಮಾ ಕಂಪನಿಯದು, ಆಮೇಲಿನ ಹತ್ತು ನಿಮಿಷದ್ದು ಮಾಲೀಕನದು. ಅಪಘಾತದ ಕಾರನ್ನು ಹತ್ತಿರದ ಗ್ಯಾರೇಜಿಗೆ ಎಳೆಸುವುದಕ್ಕೆ ಮೂಲ ಪಾಲಿಸಿ ಕೊಡುವ ಮಿತಿ 1,500 ರೂಪಾಯಿ. ಸಕಲೇಶಪುರದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದೂರಕ್ಕೆ ಅದು ಏತಕ್ಕೂ ಸಾಲದು, ರಸ್ತೆಬದಿ ನೆರವಿನ ಹೆಚ್ಚುವರಿ ರಕ್ಷಣೆಯನ್ನು ಪ್ರತ್ಯೇಕವಾಗಿ ಕೊಳ್ಳುವವರಿಗೂ ಎಷ್ಟು ಕಿಲೋಮೀಟರಿನವರೆಗೆ ಎಂಬ ಮಿತಿ ಇದ್ದೇ ಇರುತ್ತದೆ.

ಏರಿನಲ್ಲಿ ನೀರನ್ನು ಕಾಡುವ ಶಾಖ ಇಳಿಜಾರಿನಲ್ಲಿ ಬ್ರೇಕನ್ನು ಕಾಡುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆಯಂತಹ ಕಡಿದಾದ ಘಾಟಿಯಲ್ಲಿ ಹತ್ತು ಕಿಲೋಮೀಟರಿಗೆ 500 ಮೀಟರ್ ಇಳಿಯುವ ಕಾರನ್ನು ಗೇರು ತಪ್ಪಿಸಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ, ಟೈರಿನ ಘರ್ಷಣೆಗೆ ಹೋದದ್ದನ್ನು ಕಳೆದರೂ ಸುಮಾರು 50 ಲಕ್ಷ ಜೂಲ್ ಬ್ರೇಕಿನ ತಟ್ಟೆಗಳಲ್ಲಿ ಶಾಖವಾಗಬೇಕು. ಒಟ್ಟು ಇಪ್ಪತ್ತು ಕಿಲೋಗ್ರಾಂ ತೂಗುವ ತಟ್ಟೆಗಳಿಂದ ಆ ಶಾಖ ಗಾಳಿಗೆ ಹೋಗದಿದ್ದರೆ ಅವುಗಳ ಉಷ್ಣತೆ 500 ಡಿಗ್ರಿಗೂ ಹೆಚ್ಚು ಏರುತ್ತದೆ. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಸಾಗಿಸುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ, ಹೊಸದಿದ್ದಾಗ 205 ಡಿಗ್ರಿಯವರೆಗೂ ಕುದಿಯಬಾರದ ಡಾಟ್ 3 ದರ್ಜೆಯ ಆಯಿಲ್ ತೇವಗೊಂಡಾಗ 140 ಡಿಗ್ರಿಗೇ ಕುದಿಯಬಹುದು; ಕುದಿದಲ್ಲಿ ಗುಳ್ಳೆಯೇಳುತ್ತದೆ, ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಒತ್ತಡವನ್ನು ಮುಂದೆ ಸಾಗಿಸುವುದಿಲ್ಲ, ಪೆಡಲ್ ಮೆತ್ತಗೆ ನೆಲದವರೆಗೂ ಹೋಗುತ್ತದೆ. ಹತ್ತುವ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಪಾಠ ಆ ಶಾಖದ ದೊಡ್ಡ ಪಾಲನ್ನು ಎಂಜಿನ್ನಿಗೆ ವರ್ಗಾಯಿಸುವ ಕ್ರಮ.

ಬೆಂಗಳೂರಿನಲ್ಲಿ ಹೆಚ್ಚುತ್ತಿರುವ ವಿದ್ಯುತ್ ಕಾರುಗಳು ಹೀಗೆ ಶಾಖವಾಗಿ ಹೋಗುವ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತವೆ. ಇಳಿಯುವಾಗ ಮೋಟಾರು ಜನರೇಟರಾಗಿ ತಿರುಗಿ ಕಾರನ್ನು ತಡೆಯುತ್ತದೆ, ಬ್ರೇಕ್ ಪ್ಯಾಡುಗಳು ವರ್ಷಗಟ್ಟಲೆ ಸವೆಯುವುದಿಲ್ಲ, ಹೆಡ್ ಗ್ಯಾಸ್ಕೆಟ್ ಎಂಬ ಬಾಬತ್ತಂತೂ ಇಲ್ಲವೇ ಇಲ್ಲ. ಆದರೆ ಘಾಟಿಯ ತುದಿಯಲ್ಲಿ ರಾತ್ರಿ ತಂಗಿ ಬ್ಯಾಟರಿಯನ್ನು ನೂರು ಶೇಕಡಾ ತುಂಬಿಸಿಕೊಂಡು ಬೆಳಿಗ್ಗೆ ಇಳಿಯಲು ಹೊರಟವರ ಕಾರಿನಲ್ಲಿ ಆ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಮೋಟಾರಿನ ತಡೆ ಕುಗ್ಗಿ ಎಲ್ಲ ಭಾರ ಮತ್ತೆ ತಟ್ಟೆ ಬ್ರೇಕುಗಳ ಮೇಲೆ ಬೀಳುತ್ತದೆ, ಹಾಗಾಗಿ ಇಳಿಯುವ ಮುನ್ನ ಹತ್ತು ಹದಿನೈದು ಶೇಕಡಾ ಖಾಲಿ ಬಿಡುವುದು ಲೇಸು. ಇಂತಹ ಕಾರುಗಳನ್ನೂ ನಿಲ್ಲಿಸಿಬಿಡುವ ದೋಷಗಳಲ್ಲಿ ಒಂದು ದೀಪ, ಬೀಗ, ಗಣಕಗಳನ್ನು ನಡೆಸುವ ಮಾಮೂಲಿ 12 ವೋಲ್ಟ್ ಬ್ಯಾಟರಿ ಬರಿದಾಗುವುದು, ಅಂದರೆ ಹನುಮಂತನಗರದ ಬೀದಿಯಲ್ಲಿ ವಾರಗಟ್ಟಲೆ ನಿಂತ ಪೆಟ್ರೋಲ್ ಕಾರಿನ ಕಾಯಿಲೆಯೇ. ಎಳೆಸುವಾಗ ಮಾತ್ರ ವ್ಯತ್ಯಾಸ ದೊಡ್ಡದು: ಚಾಲಕ ಚಕ್ರಗಳು ನೆಲದ ಮೇಲೆ ಉರುಳಿದರೆ ಅವುಗಳಿಗೆ ಜೋಡಿಸಿದ ಮೋಟಾರು ತಾನೂ ತಿರುಗಿ ವಿದ್ಯುತ್ ಉತ್ಪಾದಿಸಿ ವಿದ್ಯುತ್ ವ್ಯವಸ್ಥೆಗೆ ಹಾನಿ ಮಾಡಬಹುದಾದ್ದರಿಂದ ನಾಲ್ಕೂ ಚಕ್ರಗಳನ್ನು ಎತ್ತಿ ಹೇರುವ ಫ್ಲ್ಯಾಟ್‌ಬೆಡ್ ಲಾರಿಯೇ ಬೇಕಾಗುತ್ತದೆ, ಫೋನ್ ಮಾಡುವಾಗಲೇ ಇದನ್ನು ಹೇಳದಿದ್ದರೆ, ಕೊಕ್ಕೆ ಹಾಕಿ ಎಳೆಯುವ ವಾಹನ ಘಾಟಿ ಹತ್ತಿ ಬಂದು ಬರಿಗೈಲಿ ಮರಳಿದ ಬಾಡಿಗೆಯೂ ಮಾಲೀಕನ ಲೆಕ್ಕಕ್ಕೇ ಬರುವ ಸಂಭವವಿದೆ.